ಒಲೆಪುರದ ಕೈಮರ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನೊಳಗೆ ಒಂದು ಸಂಕಟವಿದೆ. ಮನೆಯವರೆಲ್ಲ ಒಂದೇ ಸೂರಿನ ಕೆಳಗಿದ್ದಾರೆ. ಒಬ್ಬರೂ ಏನೆಂದು ಕೇಳುವುದಿಲ್ಲ. ನಾನು ಬಾಯಿ ಬಿಡದೆ ಕಾಯುತ್ತಿದ್ದೇನೆ. ಇದು ತಾಳ್ಮೆಯಲ್ಲವೇ?"

ಗುರುಗಳು ಹೇಳಿದರು: "ತಾಳ್ಮೆಯೇ ಇರಬಹುದು. ಒಬ್ಬನ ಕತೆ ಹೇಳುತ್ತೇನೆ."

ಒಬ್ಬ ಕೈಮರದವನಿದ್ದ. ಕೆಂಪು ತೋಳು ಚಾಚಿ ರೈಲನ್ನು ನಿಲ್ಲು ಎನ್ನುವ, ತೋಳು ಇಳಿಸಿ ಬಾ ಎನ್ನುವ ಕಂಬವೇ ಕೈಮರ. ಮೂವತ್ತು ವರ್ಷ ಅವನು ಕ್ಯಾಬಿನ್ನಿನಲ್ಲಿ ಕೂತು ಅದರ ಹಿಡಿಕೆ ಎಳೆದ. ಅವನ ಕೈಮರ ಕೆಂಪಿದ್ದಾಗ ಒಂದು ರೈಲೂ ದಾಟಲಿಲ್ಲ. ಅವನಿಗಿದ್ದ ಹೆಮ್ಮೆ ಅದೊಂದೇ.

ಕೆಲಸ ಮುಗಿದ ಮೇಲೆ ಮನೆಯಲ್ಲಿ ಒಂದು ಆಟದ ರೈಲು ಮಾಡಿದ. ಬ್ಯಾಟರಿಯ ಎಂಜಿನ್ನು, ಹಿಂದೆ ಒಂದೇ ಬೋಗಿ. ಹಳಿ ಅವನ ಕೋಣೆಯಲ್ಲಿ ಹೊರಟು, ಗೋಡೆಯ ತೂತಿನಲ್ಲಿ ಹಾದು, ಅಡುಗೆಮನೆಯ ಒಲೆಯ ಹತ್ತಿರ ಮುಗಿಯುತ್ತಿತ್ತು. ಕೋಣೆಯ ಕಡೆಗೆ ಅವನು ಮಂಚದೂರು ಎಂದು ಹೆಸರಿಟ್ಟ. ಅಡುಗೆಮನೆಗೆ ಅವನ ಹೆಂಡತಿ ಒಲೆಪುರ ಎಂದು ಹೆಸರಿಟ್ಟಳು. ಅಲ್ಲಿಗೆ ಅವಳೇ ಸ್ಟೇಷನ್ ಮಾಸ್ತರು.

ಆಟವಾದರೂ ನೇಮ ನಿಜದ್ದೇ. ಇವನು ಗಂಟೆ ಹೊಡೆಯಬೇಕು. ಅವಳು ತಿರುಗಿ ಹೊಡೆದರೆ ರೈಲು ಹೊರಡಬೇಕು. ಗೋಡೆಯ ಈಚೆ, ಕೋಣೆಯೊಳಗೆ, ತಗಡಿನ ಕೈಮರ. ಅದರ ತಂತಿ ಗೋಡೆ ದಾಟಿ ಒಲೆಯ ಪಕ್ಕದ ಹಿಡಿಕೆಗೆ ಹೋಗುತ್ತಿತ್ತು. ಅವಳು ಎಳೆದರೆ ಮಾತ್ರ ತೋಳು ಇಳಿಯುತ್ತಿತ್ತು. ಅನ್ನ ಉಕ್ಕುವ ಹೊತ್ತಾದರೆ ಅವಳು ಎಳೆಯುತ್ತಿರಲಿಲ್ಲ. "ಲೈನ್ ಖಾಲಿ ಇಲ್ಲ!" ಎನ್ನುತ್ತಿದ್ದಳು. ಇವನು ಕಾಯುತ್ತಿದ್ದ. ಹಾಗೆ ಕಾಯುವುದೆಂದರೆ ಇವನಿಗೆ ಇಷ್ಟ.

ಒಂದು ದಿನ ಅವಳು ಹಸಿರು ದಾರದ ಉಂಡೆ ಕೇಳಿದಳು. ಅವನು ಬೋಗಿಗೆ ಹಾಕಿ ಗಂಟೆ ಹೊಡೆದ. ತಿರುಗಿ ಗಂಟೆ ಬಂತು. ರೈಲು ಹೊರಟು ಕೈಮರದ ಮುಂದೆ ನಿಂತಿತು. ತೋಳು ಇಳಿಯಲಿಲ್ಲ. ಅನ್ನ ಉಕ್ಕುತ್ತಿರಬೇಕು ಅಂದುಕೊಂಡ. ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು ಹೋಗಿ ನೋಡಿದ. ಅವಳು ಒಲೆಯ ಮುಂದೆ ಗೋಡೆಗೆ ಒರಗಿದ್ದಳು. ಉಸಿರಿರಲಿಲ್ಲ.

ಅವನ ಅಕ್ಕ ಬಂದು ಮನೆಯಲ್ಲಿ ನಿಂತಳು. ಅಡುಗೆ ಅವಳದಾಯಿತು. ಅವನು ಕೋಣೆಯ ಬಾಗಿಲು ಹಾಕಿಕೊಂಡ. ಗುಡಿಸುವುದಕ್ಕೂ ಅಕ್ಕನನ್ನು ಒಳಗೆ ಬಿಡಲಿಲ್ಲ. ವಾರಕ್ಕೊಮ್ಮೆ ರೈಲಿನ ಗಾಲಿಗೆ ಎಣ್ಣೆ ಬಿಡುತ್ತಿದ್ದ. ಮುಂದಕ್ಕೆ ತಳ್ಳಲಿಲ್ಲ. ತೋಳು ಕೆಂಪು. ತಾನೇ ತಂತಿ ಎಳೆಯಲಿಲ್ಲ. ಅದು ಒಲೆಪುರದವರ ಕೆಲಸ. ಊಟದ ಹೊತ್ತಿಗೆ ಅಕ್ಕ ಇವನ ಮುಖ ನೋಡುವಳು, ಇವನು ತಟ್ಟೆ ನೋಡುವನು. ಅರ್ಧಕ್ಕೇ ಏಳುವನು. ದಿನದಿನಕ್ಕೆ ಅಂಗಿ ಸಡಿಲವಾಗುತ್ತ ಬಂತು. ಹೀಗೇ ಹೋದರೆ ತಮ್ಮ ಉಳಿಯುವುದಿಲ್ಲ ಎಂದು ಅಕ್ಕ ಹೆದರಿದಳು. ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

ಎಂಟು ತಿಂಗಳ ಮೇಲೆ ಹಳೆಯ ಗೆಳೆಯನೊಬ್ಬ ಬಂದ. ಎಂಜಿನ್ ಡ್ರೈವರಾಗಿದ್ದವನು. ಯಾರನ್ನೂ ಕೇಳದೆ ಕೋಣೆಯ ಬಾಗಿಲು ತಳ್ಳಿದ. ರೈಲು ನೋಡಿದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಏನಯ್ಯಾ, ನಿನ್ನ ಗಾಡಿ ಎಷ್ಟು ಲೇಟು?"

"ಎಂಟು ತಿಂಗಳು."

"ನನ್ನ ಪ್ಯಾಸೆಂಜರೂ ಅಷ್ಟು ಲೇಟಾಗಿರಲಿಲ್ಲ ಬಿಡು."

"ಕೆಂಪಿದೆಯಲ್ಲ. ದಾಟೋದು ಹ್ಯಾಗೆ?"

"ದಾಟು ಅಂತ ನಾನೆಲ್ಲಿ ಅಂದೆ? ಕೂಗಿದೆಯಾ?"

ಕೈಮರದವ ಕಣ್ಣು ಬಿಟ್ಟ. ಕೆಂಪಿಗೆ ನಿಂತ ರೈಲು ಕೂಗಬೇಕು. ಅದೂ ನೇಮವೇ. ಮೂವತ್ತು ವರ್ಷ ಅವನು ಆ ಕೂಗು ಕೇಳಿದವನು. ಕೇಳಿದೊಡನೆ ಎದ್ದು ಕಿಟಕಿಗೆ ಹೋದವನು. ತಾನು ಒಂದು ಸಲವೂ ಕೂಗಿದವನಲ್ಲ. ಎಂಜಿನ್ನಿಗೆ ದೀಪ ಇಟ್ಟಿದ್ದ, ನಂಬರು ಬರೆದಿದ್ದ. ಸಿಳ್ಳೆಯನ್ನೇ ಮರೆತಿದ್ದ.

"ಇದಕ್ಕೆ ಸಿಳ್ಳೆ ಇಲ್ಲ," ಅಂದ.

"ನಿನಗೆ ಬಾಯಿ ಇಲ್ಲವಾ?"

ಅವನಿಗೆ ನಾಚಿಕೆಯಾಯಿತು. ಅರವತ್ತು ದಾಟಿದವನು. ಬಾಗಿಲ ಕಡೆ ನೋಡಿ ಮೆಲ್ಲಗೆ "ಕೂ" ಅಂದ.

"ಅದು ಕೋಗಿಲೆ. ರೈಲು ಕೂಗಯ್ಯಾ," ಅಂದ ಡ್ರೈವರು.

ಅವನು ಉಸಿರು ತುಂಬಿಕೊಂಡ. ಕಣ್ಣು ಮುಚ್ಚಿ ಕೂಗಿದ. ಎಂಟು ತಿಂಗಳ ಕೂಗು. ಕೊನೆಗೆ ಗಂಟಲು ಬಿರಿಯಿತು.

ಒಲೆಪುರದಲ್ಲಿ ಪಾತ್ರೆ ಬಿತ್ತು.

"ಏನೋ ತಮ್ಮಾ! ಕೋಣೆಗೆ ಎಮ್ಮೆ ಹೊಕ್ಕಿತೇನೋ?"

ಅವನು ಗೋಡೆಯ ತೂತಿಗೆ ಬಾಯಿಟ್ಟ. "ರೈಲು ನಿಂತಿದೆ ಅಕ್ಕಾ. ಒಲೆ ಪಕ್ಕದ ಹಿಡಿಕೆ ಎಳಿ."

"ಮಸಿಬಟ್ಟೆ ನೇತುಹಾಕ್ತೀನಲ್ಲ, ಆ ಗೂಟವಾ?"

"ಅದೇ ಅಕ್ಕಾ."

"ಮೊದಲೇ ಹೇಳಬಾರದಿತ್ತೇನೋ, ಕತ್ತೆ!"

ತಂತಿ ಬಿಗಿಯಿತು. ತೋಳು ನಡುಗಿತು. ಇಳಿಯಿತು. ರೈಲು ಗೋಡೆ ಹೊಕ್ಕಿತು. ಅಕ್ಕ ದಾರದ ಉಂಡೆ ಎತ್ತಿಕೊಂಡಳು. ಯಾರಿಗೆಂದು ಹೊರಟಿದ್ದು ಎಂದು ಕೇಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಒಂದು ಹಿಡಿ ಹುರಿದ ಕಡಲೆಬೀಜ ಬೋಗಿಗೆ ಸುರಿದು, ರೈಲನ್ನು ಹಿಂದಕ್ಕೆ ಕಳಿಸಿದಳು. ಡ್ರೈವರು ಮುಕ್ಕಾಲು ಪಾಲು ತಾನೇ ತಿಂದ. ಹೋಗುವ ಮೊದಲು ಅಡುಗೆಮನೆಗೆ ಹೋಗಿ ಅವಳಿಗೆ ನೇಮವೆಲ್ಲ ಹೇಳಿಕೊಟ್ಟ.

ಮಾರನೆಯ ದಿನ ಮುಖ ತೊಳೆದವನೇ ಕೈಮರದವ ಕೂಗಿದ.

"ರೊಟ್ಟಿ ಕಾವಲಿ ಮೇಲಿದೆ!" ಎಂದು ಗೋಡೆಯಾಚೆಯಿಂದ ಉತ್ತರ ಬಂತು. "ಲೈನ್ ಖಾಲಿ ಇಲ್ಲ!"

ಅವನು ನಕ್ಕ. ಕೂತು ಕಾದ. ಆ ದಿನ ನಾಲ್ಕು ರೊಟ್ಟಿ ತಿಂದ.

ಶಿಷ್ಯನೂ ನಗುತ್ತಿದ್ದ. ನಗು ನಿಂತ ಮೇಲೆ ಕೇಳಿದ: "ಗುರುಗಳೇ, ಆ ಅಕ್ಕ ಎಂಟು ತಿಂಗಳು ಅದೇ ಮನೆಯಲ್ಲಿದ್ದಳಲ್ಲ. ತಾನಾಗಿಯೇ ಒಂದು ಸಲ ಯಾಕೆ ಎಳೆಯಲಿಲ್ಲ?"

ಗುರುಗಳು ಹೇಳಿದರು: "ಒಲೆಪುರದಿಂದ ರೈಲು ಕಾಣುವುದಿಲ್ಲಪ್ಪಾ."