ಖಡಕ್ ಚುರುಟಿನ ಚಾಕಲೇಟು

ದಾವಣಗೆರೆಯ ಹತ್ತಿಗಿರಣಿಯೊಂದರ ಮ್ಯಾನೇಜರ್ ಪರಮಶಿವಯ್ಯನವರಿಗೆ ಕ್ಯೂಬಾದಿಂದ ಭಾರಿ ಖಡಕ್ ಚುರುಟು ಬಂದಿತ್ತು. ಅದನ್ನು ಸವಿದು ಬಣ್ಣಿಸದವರಿಗೆ ರಜೆಯಿಲ್ಲ ಎಂದು ಸಾರಿದರು. ಗುಮಾಸ್ತ ಹಾಲೇಶಪ್ಪನಿಗೆ ಅಂದೇ ಸಂಜೆ ಮಗಳ ನಿಶ್ಚಿತಾರ್ಥ. ಬೀಡಿಯ ಹೊಗೆಗೇ ಕೆಮ್ಮುವ ಪ್ರಾಣಿ ಅವನು. ಆದರೂ ರಜೆ ಕೇಳಲು ಸಾಹೇಬರ ಕೋಣೆಗೆ ಹೋದ.

"ಸೇದಯ್ಯಾ! ಮೊದಲು ಚರ್ಮದ ವಾಸನೆ, ಆಮೇಲೆ ಮೆಣಸಿನ ಖಾರ, ಕೊನೆಗೆ ಚಾಕಲೇಟಿನ ರುಚಿ ಗೊತ್ತಾಗಬೇಕು," ಎಂದು ಸಾಹೇಬರು ಚುರುಟು ಚಾಚಿದರು.

"ಹಿರಿಯರ ಮುಂದೆ ಹೊಗೆ ಬಿಡೋದುಂಟೇ ಸಾಹೇಬ್ರೇ? ನೀವು ಸೇದಿ. ನಾನು ಮಂಗಳಾರತಿ ತಗೊಂಡ ಹಾಗೆ ಹೊಗೆ ತಗೊಂಡು ರುಚಿ ಹೇಳ್ತೀನಿ."

ಈ ಭಕ್ತಿ ಸಾಹೇಬರಿಗೆ ಹಿಡಿಸಿತು. ಎಳೆದರು.

ಹಾಲೇಶಪ್ಪ ಎರಡೂ ಕೈಯಲ್ಲಿ ಹೊಗೆ ತಗೊಂಡು ಕಣ್ಣಿಗೊತ್ತಿಕೊಂಡ. "ಚರ್ಮ ಬಂತು, ಹೊಸ ಚಪ್ಪಲಿಯದು. ಮೆಣಸು ಬರಲಿಲ್ಲ. ಜೋರಾಗಿ ಎಳೀರಿ."

ಎಳೆದರು. ಕಣ್ಣಲ್ಲಿ ನೀರು ಬಂತು.

"ಮೆಣಸು ಬಂತು! ಚಾಕಲೇಟು ತಳದಲ್ಲಿರಬೇಕು. ಉಸಿರು ಕಟ್ಟಿ ಎಳೀರಿ."

ಸಾಹೇಬರ ಮುಖ ಹಾಗಲಕಾಯಿಯ ಬಣ್ಣಕ್ಕೆ ತಿರುಗಿತು. ಮೇಜನ್ನು ತಬ್ಬಿಕೊಂಡು, "ಹಾಲೇಶಪ್ಪ, ಈ ಕುರ್ಚಿ ಯಾಕೆ ತಿರುಗ್ತಿದೆ?" ಎಂದರು.

"ನಾಲ್ಕು ಕಾಲಿನ ಮರದ ಕುರ್ಚಿ, ಅದು ತಿರುಗಲ್ಲ ಸಾಹೇಬ್ರೇ. ಚಾಕಲೇಟು ಬರೋವರೆಗೂ ನಾನು ಕದಲಲ್ಲ. ಎಳೀರಿ."

"ಎರಡು ದಿನ ರಜೆ ತಗೊಂಡು ಈಗಲೇ ಹೊರಡು ಮಾರಾಯ! ಚಾಕಲೇಟು ನಾನು ಅಂಗಡಿಯಲ್ಲಿ ಕೊಂಡ್ಕೋತೀನಿ!"