ಸಾಕು ಎಂದ ಜಾಗ

"ಗುರುಗಳೇ, ಸರಿಹೋದದ್ದು ಮತ್ತೆ ಮತ್ತೆ ಯಾಕೆ ಕೆಡುತ್ತದೆ?" ಎಂದು ಶಿಷ್ಯ ಕೇಳಿದ.

ಅವನು ಹಳ್ಳಿಯ ಶಾಲೆಯೊಂದರಲ್ಲಿ ಮೇಷ್ಟರು. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಪಾಠ ಹೇಳುತ್ತಾ ಹೇಳುತ್ತಾ ಕರಿಹಲಗೆಯ ಮುಂದೆ ನಿಂತುಬಿಡುತ್ತಿದ್ದ. ಕೈಯಲ್ಲಿ ಸೀಮೆಸುಣ್ಣ, ಬಾಯಲ್ಲಿ ಅರ್ಧ ವಾಕ್ಯ. ಮಕ್ಕಳು ಕಾದು ಕಾದು ತಾವೇ ಪುಸ್ತಕ ಮುಚ್ಚುತ್ತಿದ್ದರು.

"ಯಾತ್ರೆಗೆ ಹೋಗಿಬಂದೆ. ಮನೆ ಬದಲಾಯಿಸಿದೆ. ಉಪವಾಸ ಮಾಡಿದೆ. ಅವಳ ಹೆಸರನ್ನು ಯಾರೂ ಎತ್ತಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ. ಏನು ಮಾಡಿದರೂ ನಾಲ್ಕು ದಿನ ಚೆನ್ನಾಗಿರುತ್ತೇನೆ, ಮತ್ತೆ ಹಿಡಿದುಕೊಳ್ಳುತ್ತದೆ. ಈಗ ಮಗಳೂ ನನ್ನೆದುರು ಬಾಯಿ ಬಿಡುವುದಿಲ್ಲ. ಇನ್ನು ಯಾವುದನ್ನು ಬದಲಾಯಿಸಲಿ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಳೆ ವ್ಯಾಪಾರಿಯಿದ್ದ. ಅವನಲ್ಲಿ ಒಂದು ಹಳೆಯ ವ್ಯಾನಿತ್ತು. ಸಂತೆಯಿಂದ ಸಂತೆಗೆ ಅದರಲ್ಲೇ ಬಳೆ ಒಯ್ಯುತ್ತಿದ್ದ. ಗಾಜಿನ ಬಳೆ, ರಸ್ತೆಯೋ ದೇವರಿಗೇ ಪ್ರೀತಿ. ಆದ್ದರಿಂದ ಗಂಡ ಹೆಂಡತಿ ಒಂದು ಕ್ರಮ ಮಾಡಿಕೊಂಡಿದ್ದರು. ಹೆಂಡತಿ ವ್ಯಾನು ಓಡಿಸುವುದು, ಗಂಡ ಹಿಂದೆ ಬಳೆ ಪೋಣಿಸಿದ ಮಲಾರಗಳ ನಡುವೆ ಕೂರುವುದು. ಗುಂಡಿ ಬಂದಾಗ ಅವಳು ಮುಂದಿನಿಂದ "ಗುಂಡಿ!" ಎಂದು ಕೂಗುತ್ತಿದ್ದಳು. ಅವನು ಮಲಾರಗಳನ್ನು ಎರಡು ಕೈಯಲ್ಲೂ ತಬ್ಬಿಕೊಳ್ಳುತ್ತಿದ್ದ.

"ನನ್ನನ್ನು ಒಂದು ದಿನವಾದರೂ ಇಷ್ಟು ಜೋಪಾನ ಮಾಡಿದ್ದೀರಾ?" ಎಂದು ಅವಳು ಕೇಳುತ್ತಿದ್ದಳು.

"ನೀನು ಒಡೆಯುವ ಜಾತಿಯಲ್ಲ" ಎಂದು ಅವನು ಹೇಳುತ್ತಿದ್ದ.

ಅವಳು ಕುಳ್ಳಿ. ರಸ್ತೆ ಕಾಣಲೆಂದು ಹಳೆಯ ಸೀರೆಗಳ ತುಂಡು ಸೇರಿಸಿ ಕೌದಿಯ ದಿಂಬೊಂದನ್ನು ಹೊಲಿದು ಸೀಟಿನ ಮೇಲೆ ಹಾಕಿಕೊಂಡಿದ್ದಳು. ದಿಂಬು ಹಾಕಿದ ಮೇಲೆ ರಸ್ತೆ ಕಂಡಿತು, ಆದರೆ ಕಾಲು ಬ್ರೇಕಿಗೆ ಎಟುಕಲಿಲ್ಲ.

"ಬ್ರೇಕು ಅಲ್ಲಿದೆ, ನಾನು ಇಲ್ಲಿದ್ದೇನೆ. ನಡುವೆ ಒಂದು ಊರೇ ಇದೆ" ಎಂದಳು.

ವ್ಯಾಪಾರಿ ತಿರುಪು ತಿರುಗಿಸುವ ಪಾನಾ ಹಿಡಿದು ಪೆಡಲಿನ ಕೆಳಗೆ ಅಂಗಾತ ಮಲಗಿದ. ಪೆಡಲಿನ ಹಿಂದೆ ಒಂದು ಸರಳಿರುತ್ತದೆ. ಅದನ್ನು ತಿರುಗಿಸಿ ಉದ್ದ ಮಾಡಿದರೆ ಪೆಡಲು ಮೇಲಕ್ಕೆ, ಕಾಲಿನ ಹತ್ತಿರಕ್ಕೆ ಬರುತ್ತದೆ.

"ಈಗ?"

"ಇನ್ನೂ ಒಂದು ಸುತ್ತು."

"ಈಗ?"

"ಸಾಕು. ಈಗ ಕಾಲಿಗೆ ಬಂತು ನೋಡಿ, ಯಜಮಾನರೇ."

ಹಾಗೆ ಎಷ್ಟೋ ವರ್ಷ ಓಡಾಡಿದರು.

ಒಂದು ಮಂಗಳವಾರ, ಎಲ್ಲ ಮಂಗಳವಾರಗಳ ಹಾಗೆಯೇ, ಬೆಳಗಿನ ಸಂತೆಗೆ ಹೊರಟಿದ್ದರು. ಹಾದಿಯಲ್ಲಿ ಅವಳು ವ್ಯಾನು ನಿಲ್ಲಿಸಿ ಇಳಿದಳು. "ತಲೆ ಯಾಕೋ ಸುತ್ತುತ್ತಿದೆ. ಈ ಹೊತ್ತು ನೀವೇ ಓಡಿಸಿ, ನಾನು ಹಿಂದೆ ಬಳೆ ಹಿಡಿದುಕೊಳ್ಳುತ್ತೇನೆ" ಎಂದಳು. ಸಂತೆ ತಲುಪಿ ಅವನು ಹಿಂದಿನ ಬಾಗಿಲು ತೆರೆದಾಗ ಮಲಾರಗಳು ಅವಳ ಮಡಿಲಲ್ಲಿದ್ದವು. ಒಂದು ಬಳೆಯೂ ಒಡೆದಿರಲಿಲ್ಲ. ಅವಳು ಮಾತ್ರ ಎದ್ದೇಳಲಿಲ್ಲ.

ಅಂದಿನಿಂದ ಅವನೊಬ್ಬನೇ ಓಡಿಸಿದ. ಪೆಡಲು ಅವನ ಕಾಲಿಗೆ ಎತ್ತರ. ಮೊಣಕಾಲು ಮಡಿಸಿಕೊಂಡು ಒತ್ತಬೇಕಾಗುತ್ತಿತ್ತು. ಮೊಣಕಾಲು ನೋಯತೊಡಗಿತು. ವಯಸ್ಸಾಯಿತು ಎಂದುಕೊಂಡ. ದಿಂಬನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡ. ದಾರಿಯಲ್ಲಿ ಮಾತಿಲ್ಲ. ಗುಂಡಿ ಬಂದಾಗ ಹಿಂದೆ ಬಳೆ ಒಡೆಯುವ ಸದ್ದಷ್ಟೇ ಕೇಳುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಪೆಡಲಿನ ಮುಂದಿರುವ ಸಿಲಿಂಡರಿನಿಂದ ಬ್ರೇಕಿನ ಎಣ್ಣೆ ಸೋರಿತು. ಒಬ್ಬ ಮೆಕ್ಯಾನಿಕ್ ಹೊಸ ಸಿಲಿಂಡರು ಹಾಕಿದ. ವ್ಯಾಪಾರಿ ಅವನಿಗೆ ಒಂದೇ ಮಾತು ಹೇಳಿದ: "ಪೆಡಲು ಇದ್ದ ಹಾಗೆಯೇ ಇರಲಿ. ಅದಕ್ಕೆ ಕೈ ಹಚ್ಚಬೇಡ." ಮೆಕ್ಯಾನಿಕ್ ಸರಳನ್ನು ಇದ್ದಷ್ಟೇ ಉದ್ದಕ್ಕೆ ಕೂರಿಸಿ ಕೊಟ್ಟ.

ಆಗ ಶುರುವಾಯಿತು. ಬೆಳಿಗ್ಗೆ ವ್ಯಾನು ಚೆನ್ನಾಗಿ ಹೋಗುತ್ತಿತ್ತು. ಬಿಸಿಲೇರಿ, ನಾಲ್ಕಾರು ಬಾರಿ ಬ್ರೇಕು ಒತ್ತಿದ ಮೇಲೆ ಎತ್ತು ಮೊಂಡು ಹಿಡಿದ ಹಾಗೆ ನಿಧಾನವಾಗುತ್ತಿತ್ತು. ಕಾಲೆತ್ತಿದರೂ ಬ್ರೇಕು ಬಿಡುತ್ತಿರಲಿಲ್ಲ. ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಮರದ ನೆರಳಲ್ಲಿ ನಿಲ್ಲಿಸಿ ಕಾದರೆ ತಾನಾಗಿ ಬಿಡುತ್ತಿತ್ತು.

ಅವನು ಮೆಕ್ಯಾನಿಕ್‌ಗಳ ಬಳಿ ಹೋದ. ಒಬ್ಬ ಬ್ರೇಕಿನ ಪಟ್ಟಿಗಳನ್ನು ಬದಲಿಸಿದ. ಇನ್ನೊಬ್ಬ ರಬ್ಬರು ಕೊಳವೆಗಳನ್ನು ಬದಲಿಸಿದ. ಮತ್ತೊಬ್ಬ ಎಣ್ಣೆಯನ್ನೆಲ್ಲ ಚೆಲ್ಲಿ ಹೊಸದು ತುಂಬಿದ. ಪ್ರತಿ ಸಲವೂ ಬಿಚ್ಚಿ ಜೋಡಿಸುವಾಗ ಹಿಡಿದಿದ್ದ ಎಣ್ಣೆ ಹೊರಗೆ ಹೋಗುತ್ತಿತ್ತು, ವ್ಯಾನು ತಣ್ಣಗಾಗುತ್ತಿತ್ತು. ಕೆಲವು ದಿನ ಸರಿಯಿದ್ದು ಮತ್ತೆ ಹಿಡಿಯುತ್ತಿತ್ತು. ವ್ಯಾನಿಗೆ ದೃಷ್ಟಿಯಾಗಿದೆ ಎಂದು ಯಾರೋ ಹೇಳಿದರು. ನಿಂಬೆಹಣ್ಣನ್ನೂ ಕಟ್ಟಿದ. ನಿಂಬೆಹಣ್ಣು ಒಣಗಿತು.

ಕೊನೆಗೆ ಘಾಟಿಯ ಬುಡದ ಒಂದು ಗ್ಯಾರೇಜಿಗೆ ಹೋದ. ಅಲ್ಲಿನ ಮೆಕ್ಯಾನಿಕ್ ಏನನ್ನೂ ಬಿಚ್ಚಲಿಲ್ಲ. "ಸರಿಯಿರುವಾಗ ನೋಡಿದರೆ ರೋಗ ಕಾಣುವುದಿಲ್ಲ. ಹಿಡಿಯುವವರೆಗೆ ಓಡಿಸೋಣ" ಎಂದ. ಹತ್ತಿ ಕೂರಲು ದಿಂಬನ್ನು ಎತ್ತಿ ಕೆಳಗಿಟ್ಟ. ವ್ಯಾಪಾರಿ ಅದನ್ನು ಮತ್ತೆ ಎತ್ತಿಕೊಂಡು ಧೂಳು ಕೊಡವಿ ತನ್ನ ತೊಡೆಯ ಮೇಲಿಟ್ಟುಕೊಂಡ.

ಘಾಟಿ ಹತ್ತಿ ಇಳಿದರು. ಗ್ಯಾರೇಜು ಮುಟ್ಟುವಷ್ಟರಲ್ಲಿ ಬ್ರೇಕು ಹಿಡಿಯಿತು. ಮೆಕ್ಯಾನಿಕ್ ಚಕ್ರಗಳನ್ನು ಒಂದೊಂದಾಗಿ ಜಾಕಿನ ಮೇಲೆತ್ತಿ ತಿರುಗಿಸಿ ನೋಡಿದ. ಯಾವುದೂ ತಿರುಗಲಿಲ್ಲ. ಒಂದು ಚಕ್ರದ ಹಿಂದಿನ ಪುಟ್ಟ ತಿರುಪನ್ನು ಸಡಿಲಿಸಿದ. ಎಣ್ಣೆ ಚಿಮ್ಮಿತು. ಚಕ್ರ ಹಗುರಾಗಿ ತಿರುಗಿತು.

"ಚಕ್ರಗಳ ತಪ್ಪಿಲ್ಲ. ಎಲ್ಲ ಚಕ್ರಗಳೂ ಒಟ್ಟಿಗೆ ಹಿಡಿಯುತ್ತವೆ ಅಂದರೆ ಎಣ್ಣೆಯನ್ನು ಮೇಲೆಯೇ ಯಾರೋ ತಡೆದಿದ್ದಾರೆ" ಎಂದ.

ಅವನು ಬಗ್ಗಿ ಪೆಡಲನ್ನು ಬೆರಳ ತುದಿಯಿಂದ ಒತ್ತಿ ನೋಡಿದ. ಒಂದಿಷ್ಟೂ ಸಡಿಲವಿರಲಿಲ್ಲ. ಪಾನಾ ಕೈಗೆತ್ತಿಕೊಂಡ.

"ಅದನ್ನು ಮುಟ್ಟಬೇಡ" ಎಂದ ವ್ಯಾಪಾರಿ.

ಮೆಕ್ಯಾನಿಕ್ ತಲೆಯೆತ್ತಿದ. "ಹಿಂದೆ ನೋಡಿದವರಿಗೆಲ್ಲ ಇದನ್ನೇ ಹೇಳಿದಿರಾ?"

"ಹೇಳಿದೆ."

"ಸರಿಹೋಯಿತು. ಅದಕ್ಕೇ ಅವರು ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬದಲಿಸಿದ್ದಾರೆ. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ನಿಮ್ಮನ್ನೂ ಬದಲಿಸುತ್ತಿದ್ದರು."

ವ್ಯಾಪಾರಿ ನಗಲಿಲ್ಲ. ಮೆಕ್ಯಾನಿಕ್ ದನಿ ಇಳಿಸಿದ.

"ನೋಡಿ ಅಣ್ಣಾ. ಪೆಡಲು ಒತ್ತಿದರೆ ಎಣ್ಣೆ ಚಕ್ರಕ್ಕೆ ಹೋಗುತ್ತದೆ. ಕಾಲೆತ್ತಿದರೆ ಅದು ಹಿಂದೆ ಬರಬೇಕು. ಬರುವ ಕಿಂಡಿ ತೆರೆಯಬೇಕಾದರೆ ಈ ಸರಳಿನ ಮುಂದೆ ಕೂದಲೆಳೆಯಷ್ಟಾದರೂ ಜಾಗ ಬೇಕು. ಇಲ್ಲಿ ಜಾಗವೇ ಇಲ್ಲ. ನೀವು ಕಾಲೆತ್ತಿದ್ದೇನೆ ಅಂದುಕೊಳ್ಳುತ್ತೀರಿ, ಪೆಡಲು ಮಾತ್ರ ಒತ್ತಿಕೊಂಡೇ ಇರುತ್ತದೆ. ಬಿಸಿಯಾದಾಗ ಎಣ್ಣೆ ಉಬ್ಬುತ್ತದೆ. ಹಿಂದೆ ಬರಲು ದಾರಿಯಿಲ್ಲದೆ ಚಕ್ರವನ್ನೇ ಹಿಡಿದುಕೊಳ್ಳುತ್ತದೆ."

"ಇಷ್ಟು ವರ್ಷ ಹಿಡಿಯಲಿಲ್ಲವಲ್ಲ?"

"ಹಳೆಯ ಸಿಲಿಂಡರು ಸವೆದಿತ್ತು. ಆ ಸವೆತವೇ ಜಾಗ ಕೊಟ್ಟಿತ್ತು. ಹೊಸದು ಎಲ್ಲಿಂದ ಕೊಡುತ್ತದೆ? ಅಲ್ಲ, ಇದನ್ನು ಇಷ್ಟು ಉದ್ದ ಮಾಡಿದವರು ಯಾರು? ಇದು ನಿಮ್ಮ ಕಾಲಿನ ಅಳತೆಯಲ್ಲ."

ವ್ಯಾಪಾರಿಗೆ ಉತ್ತರ ಗೊತ್ತಿತ್ತು. ಆದರೆ ಅವಳು ಹೋದಮೇಲೆ ಅವಳ ವಿಷಯವನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ದಿಂಬನ್ನು ಪಕ್ಕದ ಸೀಟಿನ ಮೇಲೆ ಮತ್ತೆ ಇಟ್ಟು ಹೇಳಿದ:

"ಅವಳು ಸಾಕು ಎಂದ ಜಾಗ ಅದು."

ಮೆಕ್ಯಾನಿಕ್ ದಿಂಬನ್ನು ನೋಡಿದ. ಮತ್ತೇನೂ ಕೇಳಲಿಲ್ಲ. ಆದರೆ ಸುಳ್ಳನ್ನೂ ಹೇಳಲಿಲ್ಲ. "ಹೀಗೇ ಬಿಟ್ಟರೆ ಒಂದು ದಿನ ಇಳಿಜಾರಿನಲ್ಲಿ ಇದು ಹೊತ್ತಿಕೊಳ್ಳುತ್ತದೆ, ಅಣ್ಣಾ" ಎಂದ.

ಒಳಗೆ ಅವಳ ಕಾಲಿಗೆ ಬಂದ ಪೆಡಲು, ಹೊರಗೆ ಇಳಿಜಾರು. ವ್ಯಾಪಾರಿ ಎರಡನ್ನೂ ನೋಡುತ್ತ ನಿಂತ. ಆಮೇಲೆ ಕೈ ಚಾಚಿದ.

"ಪಾನಾ ನನಗೆ ಕೊಡು."

ಹಿಂದೊಮ್ಮೆ ಮಲಗಿದ ಹಾಗೆಯೇ ಪೆಡಲಿನ ಕೆಳಗೆ ಅಂಗಾತ ಮಲಗಿದ. ಸರಳನ್ನು ಹಿಮ್ಮುಖವಾಗಿ ತಿರುಗಿಸಿದ. ಮೆಕ್ಯಾನಿಕ್ ಮೇಲಿನಿಂದ ಪೆಡಲನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದ.

"ಈಗ?" ಎಂದ ವ್ಯಾಪಾರಿ.

"ಇನ್ನೂ ಒಂದು ಸುತ್ತು."

ವ್ಯಾಪಾರಿಯ ಕೈ ನಿಂತಿತು. ಮೆಕ್ಯಾನಿಕ್ ಕಾದ. ಆಮೇಲೆ ಸರಳು ಇನ್ನೊಂದು ಸುತ್ತು ತಿರುಗಿತು.

"ಸಾಕು" ಎಂದ ಮೆಕ್ಯಾನಿಕ್.

ವ್ಯಾಪಾರಿ ಆ ಬಿಸಿಲಲ್ಲೇ ಘಾಟಿ ಹತ್ತಿದ. ಮೊದಲ ತಿರುವಿನಲ್ಲಿ ಅವನ ಕಾಲು ಪೆಡಲನ್ನು ಹಳೆಯ ಜಾಗದಲ್ಲಿ ಹುಡುಕಿತು. ಅಲ್ಲಿ ಇರಲಿಲ್ಲ. ಇನ್ನೂ ಸ್ವಲ್ಪ ಕೆಳಗೆ ಹೋಗಿ ಮುಟ್ಟಿತು. ಒತ್ತಿದಾಗ ವ್ಯಾನು ನಿಂತಿತು. ಕಾಲೆತ್ತಿದಾಗ ಬಿಟ್ಟಿತು. ಘಾಟಿಯ ತಲೆಯಲ್ಲಿ ಇಳಿದು ಚಕ್ರಗಳ ನಡುಭಾಗಕ್ಕೆ ಕೈಯಿಟ್ಟು ನೋಡಿದ. ಬೆಚ್ಚಗಿದ್ದವು, ಅಷ್ಟೇ. ಅಲ್ಲಿಂದ ಮುಂದೆ ರಸ್ತೆ ಕೆಟ್ಟಿತ್ತು. ದೊಡ್ಡದೊಂದು ಗುಂಡಿ ಕಂಡಾಗ ಅವನ ಬಾಯಿಂದ ತಾನಾಗಿ "ಗುಂಡಿ!" ಎಂಬ ಕೂಗು ಬಂತು. ಹಿಂದೆ ಬಳೆಗಳು ಸದ್ದು ಮಾಡಿದವು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆ ತಗ್ಗಿಸಿ ಕೂತಿದ್ದ.

"ಹಾಗಾದರೆ ಗುರುಗಳೇ, ಅವಳ ಗುರುತನ್ನು ಅವನು ಕೈಯಾರೆ ಅಳಿಸಿದ ಹಾಗಾಯಿತಲ್ಲವೇ?"

ಗುರುಗಳು ಹೇಳಿದರು: "ದಿಂಬು ಸೀಟಿನ ಮೇಲೆಯೇ ಇತ್ತು."