ರಾಜರಿಗೆ ಬಂದ ಪುರುಡು

ಕಾಲಕ್ಕೆ ತಕ್ಕಂತೆ ವೀರಮಾರ್ತಾಂಡ ರಾಜನ ಅರಮನೆಗೂ ಕಂಪ್ಯೂಟರ್ ಬಂದಿತ್ತು. ನಲವತ್ತು ಜನ ಸಾಫ್ಟ್‌ವೇರ್‌ನವರು ಬೆಳಗ್ಗೆ ಎಂಟಕ್ಕೆ ಕೂತರೆ ಏಳುವ ಹೊತ್ತು ದೇವರಿಗೇ ಗೊತ್ತು. ಕೊನೆಗೆ ಅವರಲ್ಲೊಬ್ಬ, ನಾಗಭೂಷಣ ಎಂಬವನು, ಆಸ್ಥಾನಕ್ಕೇ ಬಂದು ಕೈಮುಗಿದ.

"ಮಹಾಪ್ರಭು, ಹೆಂಡತಿ ತುಂಬು ಬಸುರಿ. ಹೊತ್ತಿಗೆ ಸರಿಯಾಗಿ ಮನೆಗೆ ಬಿಡಿ. ಇಲ್ಲವೇ ಹೆಚ್ಚು ದುಡಿದ ಗಂಟೆಗೆ ಓಟಿ ಆದರೂ ಕೊಡಿ, ಆಳಿಟ್ಟು ನೋಡಿಕೊಳ್ತೀನಿ."

ರಾಜ ಮೀಸೆ ತಿರುವಿದ. "ಓಟಿ ಕೇಳೋಕೆ ನೀವೇನು ಕೂಲಿಯವರೇ? ನೀವೆಲ್ಲ ನಮ್ಮ ಕುಟುಂಬ ಕಣಯ್ಯ! ಮನೆ ಕೆಲಸಕ್ಕೆ ಯಾರಾದರೂ ಗಂಟೆ ಲೆಕ್ಕ ಹಾಕ್ತಾರಾ?"

ಆಸ್ಥಾನದ ಜಾಣ ಬೊಮ್ಮರಸನಿಗೆ ಮೈಯೆಲ್ಲ ಉರಿಯಿತು. ಆದರೂ ಹಲ್ಲುಕಿರಿದು ಎದ್ದುನಿಂತ. "ಆಹಾ, ಎಂಥ ಮಾತು ಪ್ರಭು! ಬರೀ ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತೆ. ಬರೆಸಿ ಮುದ್ರೆ ಒತ್ತಿಬಿಡಿ."

ರಾಜ ಉಬ್ಬಿಹೋದ. ಈ ನಲವತ್ತು ಮಂದಿಯೂ ರಾಜಕುಟುಂಬದವರು ಎಂದು ಆಜ್ಞಾಪತ್ರ ಬರೆಸಿ ಮುದ್ರೆ ಒತ್ತಿಯೇಬಿಟ್ಟ.

ನಾಗಭೂಷಣ ಬೊಮ್ಮರಸನನ್ನು ದುರುಗುಟ್ಟಿ ನೋಡಿದ. "ನಮ್ಮ ಹೊಟ್ಟೆ ಮೇಲೆ ಹೊಡೆದಿರಲ್ಲ ಸ್ವಾಮಿ!"

"ಮಗು ಹುಟ್ಟಿದ ಕೂಡಲೇ ನನಗೆ ಹೇಳಿಕಳಿಸು," ಎಂದಷ್ಟೇ ಹೇಳಿ ಬೊಮ್ಮರಸ ಜಾಗ ಖಾಲಿ ಮಾಡಿದ.

ಶುಕ್ರವಾರ ಸಿಂಹಾಸನ ಪೂಜೆ. ಏಳು ಸೀಮೆಯ ಪಾಳೇಗಾರರು ಕಾಣಿಕೆ ಹಿಡಿದು ಕಾದಿದ್ದರು. ರಾಜ ಮಡಿಯುಟ್ಟು ಇನ್ನೇನು ಮೆಟ್ಟಿಲಿಗೆ ಕಾಲಿಡಬೇಕು, ಬೊಮ್ಮರಸ ಅಡ್ಡ ಬಂದ.

"ಮುಟ್ಟಬೇಡಿ ಪ್ರಭು, ನಿಮಗೆ ಪುರುಡು!"

"ಪುರುಡೇ? ಯಾರಯ್ಯ ಹೆತ್ತವರು?"

"ನಿಮ್ಮ ಮನೆಯವನೇ ಆದ ನಾಗಭೂಷಣನ ಹೆಂಡತಿ! ಬೆಳಗ್ಗೆ ಹೆಣ್ಣು ಮಗು ಆಯಿತು. ಅವನು ಪಾಪ, ಇನ್ನೂ ನಿಮ್ಮ ಕಂಪ್ಯೂಟರ್ ಮುಂದೆಯೇ ಕೂತಿದ್ದಾನೆ."

ಪುರೋಹಿತರು ಆಜ್ಞಾಪತ್ರ ಓದಿ ತಲೆಯಾಡಿಸಿದರು. "ಕುಟುಂಬದಲ್ಲಿ ಹೆರಿಗೆ ಅಂದಮೇಲೆ ಹತ್ತು ದಿನ ಪೂಜೆ ಮಾಡುವಂತಿಲ್ಲ ಪ್ರಭು."

"ಹತ್ತೇ ದಿನ ತಾನೇ? ಕಾಯೋಣ."

"ಧಾರಾಳವಾಗಿ ಕಾಯಿರಿ," ಎಂದ ಬೊಮ್ಮರಸ. "ನಿಮ್ಮ ಕುಟುಂಬದಲ್ಲಿ ಇನ್ನೂ ಐದು ಜನ ಬಸುರಿಯರಿದ್ದಾರೆ."

ಪಾಳೇಗಾರರು ಮುಸಿಮುಸಿ ನಕ್ಕರು. ರಾಜ ಬೆವೆತುಹೋದ. "ಹರಿದುಹಾಕಯ್ಯ ಆ ಪತ್ರ! ಅವರು ಕುಟುಂಬ ಅಲ್ಲ, ಕೆಲಸದವರು!"

"ಕೆಲಸದವರಾದರೆ ದಿನಕ್ಕೆ ಎಂಟೇ ಗಂಟೆ. ಹೆಚ್ಚು ದುಡಿದರೆ ದುಪ್ಪಟ್ಟು ಓಟಿ. ಹೆಂಡತಿ ಹೆತ್ತರೆ ರಜೆ. ಬರೆದೇ ತಂದಿದ್ದೀನಿ, ಬೇಗ ಮುದ್ರೆ ಒತ್ತಿ, ಮುಹೂರ್ತ ಮೀರುತ್ತೆ."

ರಾಜ ಒತ್ತಿದ. ಸುದ್ದಿ ತಿಳಿದ ನಾಗಭೂಷಣ ಚಪ್ಪಲಿ ಮೆಟ್ಟುವುದನ್ನೂ ಮರೆತು ಮನೆಗೆ ಓಡಿದ.

ಪೂಜೆ ಮುಗಿದ ಮೇಲೆ ರಾಜನಿಗೆ ನಗು ತಡೆಯಲಾಗಲಿಲ್ಲ. "ಭಲೆ ಬೊಮ್ಮರಸ! ನಿನ್ನಂಥವನು ಇನ್ನೊಬ್ಬನಿಲ್ಲ. ಇವತ್ತಿನಿಂದ ನೀನೂ ನಮ್ಮ ಮನೆಯವನೇ!"

ಬೊಮ್ಮರಸ ದೊಪ್ಪನೆ ಕಾಲಿಗೆ ಬಿದ್ದ. "ದಮ್ಮಯ್ಯ ಪ್ರಭು! ನಾನು ಮಾಡಿದ ತಪ್ಪಾದರೂ ಏನು? ಕೆಲಸದವನಾಗಿಯೇ ಇರ್ತೀನಿ!"